ಇನ್ನೊಂದು ಸುತ್ತು

ಬೇಡ ಅನ್ನಬೇಕಾದ ಹೊತ್ತಿಗೆ ಬಾಯಿ ಬರದೇ ಹೋದರೆ? ಹೋದ ಸಲ ಬರಲಿಲ್ಲವಲ್ಲ. ಈ ಸಲ ಯಾಕೆ ಬಂದೀತು? ಬಾಯಿ ಅದೇ, ನಾಲಗೆ ಅದೇ, ಅದರ ಹಿಂದೆ ಅಡಗಿ ಕೂತಿರುವ ಪುಕ್ಕಲನೂ ಅವನೇ.

ಕೊಡಿಗೇಹಳ್ಳಿಯ ಮಹಡಿ ಮನೆಯ ಕನ್ನಡಿಯ ಮುಂದೆ ಜೀಷಾನ್ ಬ್ರಷ್ಷನ್ನು ಹಲ್ಲಲ್ಲಿ ಕಚ್ಚಿಕೊಂಡು ನಿಂತೇ ಇದ್ದ. ಪೇಸ್ಟಿನ ನೊರೆ ಗಲ್ಲದಿಂದ ಇಳಿದು ಅಂಗಿಯ ಕಡೆ ಹೊರಟಿದ್ದು ಅವನಿಗೆ ತಿಳಿಯಲಿಲ್ಲ. ಹುಟ್ಟಿದಾಗಿನಿಂದ ಅವನದು ಮಾತು ಕಮ್ಮಿ. ಮಗು ಅಳುವುದಿಲ್ಲವಲ್ಲ ಎಂದು ತಾಯಿ ಮಲ್ಕಾ ಮೂರು ಡಾಕ್ಟರಿಗೆ ತೋರಿಸಿದ್ದರು. ಅಂಥವನು ಹುಡುಕಿ ಹುಡುಕಿ ಸೇರಿದ್ದು, ಇಡೀ ದಿನ ಮಾತಾಡುವುದೇ ಕೆಲಸವಾಗಿರುವ ಜಾಗಕ್ಕೆ. ವಿಮಾನ ನಿಲ್ದಾಣದ ಟವರಿನಲ್ಲಿ ಕೂತು ಬರುವ ವಿಮಾನಕ್ಕೆ ಇಳಿ, ಹೋಗುವ ವಿಮಾನಕ್ಕೆ ಏರು ಎನ್ನುವ ಕಂಟ್ರೋಲರ್ ಆಗಲು ತರಬೇತಿ ಪಡೆಯುತ್ತಿದ್ದ. ಇಂದು ಕೊನೆಯ ಪರೀಕ್ಷೆ.

ಕೊನೆಯ ಪರೀಕ್ಷೆ ಎಂದರೆ ಕಾಗದದ ಮೇಲೆ ಬರೆಯುವುದಲ್ಲ. ನಿಜವಾದ ಆಕಾಶ, ನಿಜವಾದ ವಿಮಾನ, ಒಳಗೆ ನಿಜವಾದ ಜನ. ಪಕ್ಕದಲ್ಲಿ ಲೈಸೆನ್ಸ್ ಇರುವವನೊಬ್ಬ, ಕೈ ತಪ್ಪಿದರೆ ಮೈಕು ಕಿತ್ತುಕೊಳ್ಳಲು. ಹಿಂದೆ ಪರೀಕ್ಷಕರು. ಹೋದ ಸಲ ಜೀಷಾನ್ ಎಲ್ಲವನ್ನೂ ಸರಿಯಾಗಿ ಮಾಡಿದ್ದ, ಒಂದನ್ನು ಬಿಟ್ಟು. ಒಂದು ವಿಮಾನ ಇಳಿಯಲು ಬರುತ್ತಿತ್ತು, ಮುಂದೆ ಇಳಿದ ಇನ್ನೊಂದು ರನ್‌ವೇಯ ಮೇಲೆ ಇನ್ನೂ ತೆವಳುತ್ತಿತ್ತು. ಆಗ ಹೇಳಬೇಕಾದ್ದು ಎರಡೇ ಪದ. ‘ಗೋ ಅರೌಂಡ್’. ಇಳಿಯಬೇಡ, ಮೇಲೇರು, ಇನ್ನೊಂದು ಸುತ್ತು ಬಾ. ಜೀಷಾನ್ ಬಾಯಿ ತೆರೆದ. ಬಾಯಿ ತೆರೆದೇ ಇತ್ತು. ಮುಂದಿನದು ತೆವಳಿಕೊಂಡು ಹೋಯಿತು, ಹಿಂದಿನದು ಸುಖವಾಗಿ ಇಳಿಯಿತು. ಪರೀಕ್ಷಕಿ ವೇದಾ ಮೇಡಂ, “ದಾರಿ ಖಾಲಿಯಾಗಿದ್ದು ನಿಮ್ಮ ಅದೃಷ್ಟ. ಅದೃಷ್ಟಕ್ಕೆ ನಾವು ಲೈಸೆನ್ಸ್ ಕೊಡಲ್ಲ” ಎಂದು ಎದ್ದು ಹೋಗಿದ್ದರು.

ಈ ಸಲವೂ ತಪ್ಪಿದರೆ ಟವರಿನ ಮೆಟ್ಟಿಲು ಮರೆತು ಕೆಳಗಿನ ಕಚೇರಿಯಲ್ಲಿ ಕಡತ ಜೋಡಿಸಬೇಕು. ಅದಕ್ಕಿಂತ ದೊಡ್ಡದೆಂದರೆ, ನೂರೀನ್. ಆರ್.ಟಿ. ನಗರದ ಒಣಮೆಣಸಿನಕಾಯಿ ವ್ಯಾಪಾರಿ ಗುಲಾಮ್ ರಸೂಲ್ ತಮ್ಮ ಮಗಳನ್ನು ಜೀಷಾನ್‌ಗೆ ಕೊಡಲು ಒಪ್ಪಿ, ಒಂದು ಮಾತು ಸೇರಿಸಿದ್ದರು. “ಹುಡುಗ ಪಾಸಾದ ದಿನ ನಿಕಾಹ್ ತಾರೀಖು. ಅಲ್ಲಿವರ್ಗೂ ತಾರೀಖು ಇಲ್ಲ.” ಮೆಣಸಿನಕಾಯಿಯ ದರದಲ್ಲೇ ಒಮ್ಮೆ ಹೇಳಿದ್ದನ್ನು ಬದಲಾಯಿಸದ ಮನುಷ್ಯ, ಮಗಳ ಮದುವೆಯಲ್ಲಿ ಬದಲಾಯಿಸುತ್ತಾರೆಯೇ?

ತಾಯಿಯನ್ನು ಬಿಟ್ಟು ಯಾರಿಗೂ ಹೇಳದೆ ಹೋಗಿ, ಯಾರಿಗೂ ಹೇಳದೆ ಬಂದುಬಿಡಬೇಕೆಂದು ಜೀಷಾನ್ ನಿರ್ಧರಿಸಿದ್ದ. ಆದರೆ ಬೆಳಿಗ್ಗೆ ಹಾಲಿಗೆ ಹೆಪ್ಪು ಹಾಕಲು ಮೊಸರು ಇರಲಿಲ್ಲ. ಮಲ್ಕಾ ಬಟ್ಟಲು ಹಿಡಿದು ಕೆಳಗೆ ಮನೆ ಮಾಲೀಕರ ಹೆಂಡತಿ ಕೃಷ್ಣಮ್ಮನ ಹತ್ತಿರ ಹೋದರು. ಒಂದು ಚಮಚ ಮೊಸರು ತಂದರು, ಒಂದು ಮಾತು ಬಿಟ್ಟು ಬಂದರು.

ಜೀಷಾನ್ ಅಂಗಿ ಬದಲಾಯಿಸಿ ಮೆಟ್ಟಿಲಿಳಿಯುವಷ್ಟರಲ್ಲಿ ಕೆಳಗೆ ಕೃಷ್ಣಮ್ಮ ದಾರಿ ಕಟ್ಟಿ ನಿಂತಿದ್ದರು. ಕೈಯಲ್ಲಿ ಕಂದು ಬಣ್ಣದ ಪುಟ್ಟ ಬಾಟಲಿ.

“ಏನಪ್ಪಾ ಜೀಸಾನು, ನಮ್ಗೆ ಒಂದ್ ಮಾತು ಏಳ್ದೆ ಒಂಟಿದ್ಯಲ್ಲ? ತಗೋ. ಸಾರಸ್ವತಾರಿಷ್ಟ. ಮಾತು ಬರ್ದಿರೋ ಮಕ್ಳಿಗೆ ಕೊಡೋದು.”

“ಆಂಟಿ, ನಂಗೆ ಮಾತು ಬರತ್ತೆ.”

“ಎಲ್ಲಿ ಬತ್ತದೆ? ಬಾಡಿಗೆ ಮನೆ ಸೋರ್ತಾ ಇದ್ರೂ ಒಂದ್ ವರ್ಸ ಬಾಯ್ ಬುಡ್ಲಿಲ್ಲ ನೀನು. ಈಗ್ಲೇ ಕುಡೀಬ್ಯಾಡ. ಪರೀಕ್ಸೆ ರೂಮಿಗೆ ಓಗೋಕೆ ಮುಂಚೆ, ಎರ್ಡು ಮುಚ್ಚಳ. ಏಳು ನೋಡುವಾ?”

“ಹೋಗೋಕೆ ಮುಂಚೆ, ಎರಡು ಮುಚ್ಚಳ.”

ವಿಮಾನದ ಪೈಲಟ್ ಕೂಡ ಹೀಗೇ. ಟವರಿನವರು ಹೇಳಿದ್ದನ್ನು ತಿರುಗಿ ಹೇಳಬೇಕು, ಹೇಳದಿದ್ದರೆ ಕೇಳಿಸಿಕೊಂಡ ಹಾಗಲ್ಲ. ಕೃಷ್ಣಮ್ಮ ಟವರಿನಲ್ಲಿದ್ದಿದ್ದರೆ ಮೊದಲ ಸಲಕ್ಕೇ ಪಾಸಾಗುತ್ತಿದ್ದರು ಎಂದುಕೊಂಡ ಜೀಷಾನ್.

ಗೇಟಿನ ಹೊರಗೆ ಅವರ ಗಂಡ ನರಸಿಂಹಯ್ಯ ಕಾರು ಚಾಲು ಮಾಡಿಕೊಂಡು ಕೂತಿದ್ದರು. ಕೊಡಿಗೇಹಳ್ಳಿ ಹಳ್ಳಿಯಾಗಿದ್ದಾಗ ಅವರಿಗೆ ರಾಗಿ ಹೊಲವಿತ್ತು. ಹೊಲ ಹೋಗಿ ಕಟ್ಟಡಗಳು ಬಂದವು, ಕಟ್ಟಡದ ಜೊತೆ ಬೆಳ್ಳಗಿನ ದೊಡ್ಡ ಕಾರು ಬಂತು, ಆದರೆ ಓಡಿಸುವ ಕೈ ಎತ್ತಿನ ಗಾಡಿಯದೇ ಉಳಿಯಿತು. “ಕಾರ್ ಅತ್ತು ಬೇಗ, ರಾಹುಕಾಲ ಬತ್ತದೆ” ಎಂದರು.

ಏರ್‌ಪೋರ್ಟ್ ರಸ್ತೆಯಲ್ಲಿ ಉಳಿದ ಕಾರುಗಳು ಬಾಣದಂತೆ ಹೋಗುತ್ತಿದ್ದರೆ ಇವರದು ದೇವರ ಉತ್ಸವದಂತೆ ಹೊರಟಿತು. ಬ್ಯಾಟರಾಯನಪುರದಲ್ಲಿ ಒಬ್ಬ ಪರಿಚಯದವರು ಕಂಡರು, ಕಿಟಕಿ ಇಳಿಯಿತು. “ನಮ್ ಮನೆ ಹುಡ್ಗ! ಪ್ಲೇನ್ ಇಳ್ಸೋನು! ಇವತ್ತು ಪರೀಕ್ಸೆ!” ಯಲಹಂಕದ ಸಿಗ್ನಲ್ಲಿನಲ್ಲಿ ಇನ್ನೊಬ್ಬರು, ಮತ್ತೆ ಕಿಟಕಿ. ಟೋಲ್ ಗೇಟಿನವನಿಗೂ ವಿಷಯ ತಿಳಿಯಿತು. ಜೀಷಾನ್ ಸೀಟಿನಲ್ಲಿ ಕುಗ್ಗಿ ಕುಗ್ಗಿ ಸೀಟ್ ಬೆಲ್ಟಿನಷ್ಟೇ ಉಳಿದಿದ್ದ.

ಟೋಲ್ ದಾಟಿದ ಮೇಲೆ ನರಸಿಂಹಯ್ಯ ಗಂಟಲು ಸರಿಮಾಡಿಕೊಂಡರು. “ಒಂದ್ ಸಣ್ಣ ಕೆಲ್ಸ ಇತ್ತಪ್ಪ. ಬಾಗಲೂರು ಅತ್ರ ನಮ್ದೊಂದು ಸೈಟದೆ. ಅದ್ರ ಮ್ಯಾಲೇ ಪ್ಲೇನು ಓಯ್ತವೆ. ಕೊಳ್ಳೋಕ್ ಬಂದೋರೆಲ್ಲ ತಲೆ ಎತ್ತಿ ನೋಡಿ ವಾಪಸ್ ಓಯ್ತಾರೆ. ನೀನು ಪಾಸಾದ್ಮೇಲೆ ಒಂದೆರ್ಡು ಫರ್ಲಾಂಗು ಆ ಕಡೀಕೆ ತಿರುಗ್ಸು.”

“ಅಂಕಲ್, ಅದು ಹಾಗೆಲ್ಲ…”

“ಈಗ್ಲೇ ಬ್ಯಾಡ. ನಿದಾನುಕ್ಕೆ. ಗಿರಾಕಿ ಬಂದ ದಿವ್ಸ ಮಾತ್ರ ಆದ್ರೂ ಸೈ.”

ಅಂತೂ ತಲುಪಿದಾಗ ಹೊತ್ತಾಗಿತ್ತು. ಓಡುತ್ತಾ ಕಾರಿಡಾರಿಗೆ ಬಂದರೆ ಫೋನು. ಕೃಷ್ಣಮ್ಮ. “ಕುಡುದ್ಯಾ?” ಸುಳ್ಳು ಹೇಳಲು ಬೇಕಾದಷ್ಟು ಮಾತೂ ಅವನಲ್ಲಿರಲಿಲ್ಲ. ನಿಂತಲ್ಲೇ ಬಾಟಲಿ ತೆಗೆದು ಎರಡು ಮುಚ್ಚಳ ಗಂಟಲಿಗೆ ಸುರಿದುಕೊಂಡ. ಸಿಹಿ, ಕಹಿ, ಮತ್ತು ಕಿವಿಯವರೆಗೂ ಬಿಸಿ. “ಕುಡಿದೆ ಆಂಟಿ” ಎಂದು ತಿರುಗಿ ಹೇಳಿ, ಬಾಗಿಲು ತಳ್ಳಿ ಒಳಗೆ ಹೋದ.

ಆ ಬಾಗಿಲ ಹಿಂದೆ ನರ್ಸ್ ಮರಿಯಮ್ಮ ಉಸಿರು ಪರೀಕ್ಷಿಸುವ ಯಂತ್ರ ಹಿಡಿದು ಕೂತಿದ್ದರು. ಕೆಲಸಕ್ಕೆ ಕೂರುವ ಮುಂಚೆ ಕುಡಿದಿಲ್ಲ ಎಂದು ಊದಿ ತೋರಿಸಬೇಕು, ಇಲ್ಲಿಯ ಪದ್ಧತಿ. ಜೀಷಾನ್ ಎಷ್ಟೋ ಸಲ ಊದಿದ್ದ, ಯಂತ್ರ ಎಂದೂ ಚಕಾರ ಎತ್ತಿರಲಿಲ್ಲ.

ಊದಿದ. ಯಂತ್ರ ಬಾಲ ತುಳಿದ ಬೆಕ್ಕಿನಂತೆ ಕಿರುಚಿತು.

ಮರಿಯಮ್ಮ ಯಂತ್ರವನ್ನು ನೋಡಿದರು, ಜೀಷಾನನ್ನು ನೋಡಿದರು, ಯಂತ್ರವನ್ನೇ ಅಲ್ಲಾಡಿಸಿದರು. “ಅಯ್ಯೋ ಯೇಸಪ್ಪ! ಜೀಷಾನ್, ನೀವಾ?”

ಕಿರುಚಿದ್ದು ಕೇಳಿ ರವಿಕಿರಣ ಒಳಗೆ ಇಣುಕಿದ. ಪರೀಕ್ಷೆಯಲ್ಲಿ ಪಕ್ಕದಲ್ಲಿ ಕೂರಬೇಕಾದ ಲೈಸೆನ್ಸುದಾರ ಅವನೇ, ಹೋದ ಸಲವೂ ಅವನೇ ಕೂತಿದ್ದು. “ಮಗಾ, ನೀನಾ? ಪಾರ್ಟೀಲಿ ಸೋಡಾ ಕುಡುದ್ರೂ ಕೆಮ್ಮೋನು ನೀನು! ಬೆಳಿಗ್ಗೆ ಬೆಳಿಗ್ಗೇನಾ ಗುರು?”

ಅವನ ಬೆನ್ನ ಹಿಂದೆ ವೇದಾ ಮೇಡಂ ಬಂದು ನಿಂತರು. ಭಾನುವಾರದ ಬ್ಯಾಂಕಿನಂಥ ಮುಖ. ಎಲ್ಲರೂ ಜೀಷಾನ್ ಏನಾದರೂ ಹೇಳಲಿ ಎಂದು ಕಾದರು. ಜೀಷಾನ್‌ಗೆ ಕಷ್ಟಕಾಲದಲ್ಲಿ ಓದುವ ಕಲ್ಮಾ ನೆನಪಾಯಿತು, ತಾಯಿ ನೆನಪಾದರು, ಹೊರಗೆ ಕಿಟಕಿ ಇಳಿಸಿ ಸೆಕ್ಯುರಿಟಿಯವನಿಗೆ ವಿಷಯ ಹೇಳುತ್ತಿರಬಹುದಾದ ನರಸಿಂಹಯ್ಯ ನೆನಪಾದರು. ಮಾತು ಮಾತ್ರ ನೆನಪಾಗಲಿಲ್ಲ. ಸುಮ್ಮನೆ ಜೇಬಿನಿಂದ ಬಾಟಲಿ ತೆಗೆದು ಮೇಜಿನ ಮೇಲಿಟ್ಟ.

ಮರಿಯಮ್ಮ ಕನ್ನಡಕ ಏರಿಸಿ ಚೀಟಿ ಓದಿದರು. “ಅರಿಷ್ಟ ಮೇಡಂ. ಹುದುಗು ಬರ್ಸಿ ಮಾಡೋದು. ಇದ್ರಲ್ಲಿ ತಾನಾಗೇ ಸ್ವಲ್ಪ ಆಲ್ಕೋಹಾಲ್ ಇರತ್ತೆ. ಈಗ ತಾನೇ ಕುಡ್ದಿದಾರೆ, ಬಾಯಲ್ಲಿ ನಿಂತಿದೆ.”

“ಯಾತಕ್ಕೆ ಕುಡೀತಾರೆ ಇದನ್ನ?” ವೇದಾ ಮೇಡಂ ಕೇಳಿದರು.

ಜೀಷಾನ್ ಬಹಳ ಕಷ್ಟಪಟ್ಟ. “ಮಾತಿಗೆ ಮೇಡಂ.”

“ಕೆಲಸ ಮಾಡ್ತಾ ಇರೋ ಹಾಗೆ ಕಾಣಲ್ಲ” ಎಂದರು ವೇದಾ ಮೇಡಂ.

ನಿಯಮದಲ್ಲಿ ಇದಕ್ಕೂ ದಾರಿಯಿತ್ತು. ಬಾಯಿ ಮುಕ್ಕಳಿಸಿ, ಸ್ವಲ್ಪ ಹೊತ್ತು ಕೂತು, ಮತ್ತೆ ಊದಬೇಕು. ಜೀಷಾನ್ ಮುಕ್ಕಳಿಸಿದ. ನಲ್ಲಿಯ ನೀರು ನಿಲ್ಲುವವರೆಗೆ ಮುಕ್ಕಳಿಸಬಹುದಿತ್ತೇನೋ, ಮರಿಯಮ್ಮನೇ ತೋಳು ಹಿಡಿದು ಕರೆತಂದು ಕೂರಿಸಿದರು. ಎರಡನೆಯ ಸಲ ಊದಿದಾಗ ಯಂತ್ರ ಏನೂ ಅನ್ನಲಿಲ್ಲ. ಸೊನ್ನೆ. ಜೀವನದಲ್ಲಿ ಸೊನ್ನೆ ಬಂದು ಸಂತೋಷವಾದದ್ದು ಅವನಿಗೆ ಅದೇ ಮೊದಲು.

ಟವರಿನ ಮೇಲೆ ಸುತ್ತ ಗಾಜು. ದೂರದಲ್ಲಿ ನಂದಿಬೆಟ್ಟ ಮಂಜಿನಲ್ಲಿ ಅರ್ಧ ಅಳಿಸಿದ ಚಿತ್ರದಂತೆ ನಿಂತಿತ್ತು. ಎರಡು ರನ್‌ವೇಗಳಲ್ಲಿ ಒಂದನ್ನು ಆ ದಿನ ದುರಸ್ತಿಗೆಂದು ಮುಚ್ಚಿದ್ದರು, ಹಾಗಾಗಿ ಏರುವುದೂ ಇಳಿಯುವುದೂ ಒಂದರಲ್ಲೇ. ಜೀಷಾನ್ ಹೆಡ್‌ಸೆಟ್ ಹಾಕಿಕೊಂಡ. ಪಕ್ಕದಲ್ಲಿ ರವಿಕಿರಣ, ಒಂದು ಕೈಯಲ್ಲಿ ಕಾಫಿ, ಇನ್ನೊಂದು ಕೈ ಮೈಕಿನ ಗುಂಡಿಯ ಹತ್ತಿರ. ಹಿಂದೆ ವೇದಾ ಮೇಡಂ, ಅವರ ಪೆನ್ನಿನ ಸದ್ದು.

ಮೊದಲು ಎಲ್ಲ ಹಗುರವಾಗಿ ಸಾಗಿತು. ಇವನು ಹೇಳುವುದು, ಅವರು ತಿರುಗಿ ಹೇಳುವುದು. ಈ ಲೋಕ ಜೀಷಾನ್‌ಗೆ ಇಷ್ಟವಾಗಿದ್ದೇ ಅದಕ್ಕೆ. ಇಲ್ಲಿ ಯಾರೂ ಬೇಕಿಲ್ಲದ ಮಾತು ಆಡುವುದಿಲ್ಲ. ನಡುನಡುವೆ ಬರುವ ಮೌನಕ್ಕೂ ಇಲ್ಲಿ ಒಂದು ಜಾಗವಿದೆ.

ಆಮೇಲೆ ಒಂದು ದೊಡ್ಡ ವಿಮಾನ ಹಾರಲು ಓಡತೊಡಗಿತು. ಅದರ ಹಿಂದೆ ಆಕಾಶದಲ್ಲಿ ಹುಬ್ಬಳ್ಳಿಯಿಂದ ಬರುತ್ತಿದ್ದ ಪುಟ್ಟ ವಿಮಾನವೊಂದು ಇಳಿಯಲು ಮೂತಿ ತಗ್ಗಿಸಿತ್ತು. ದೊಡ್ಡದು ಹೋಗುತ್ತದೆ, ಪುಟ್ಟದು ಇಳಿಯುತ್ತದೆ, ದಿನವೂ ಆಗುವುದೇ. ಆದರೆ ದೊಡ್ಡದು ಅರ್ಧ ಓಡಿ, ಉಸಿರು ಹಿಡಿದು ನಿಂತುಬಿಟ್ಟಿತು. “ನಿಲ್ಲಿಸುತ್ತಿದ್ದೇವೆ, ಏನೋ ಎಚ್ಚರಿಕೆಯ ದೀಪ” ಎಂದ ಅದರ ಪೈಲಟ್.

ರನ್‌ವೇಯ ನಟ್ಟನಡುವೆ ಒಂದು ಬೆಳ್ಳಗಿನ ಮನೆಯ ಹಾಗೆ ವಿಮಾನ. ಮೇಲೆ ಹುಬ್ಬಳ್ಳಿಯದು ಹತ್ತಿರವಾಗುತ್ತಿತ್ತು.

ಸರಿದು ಹೋಗಬಹುದು, ಎಂದ ಒಳಗಿನ ಪುಕ್ಕಲ. ಹೋದ ಸಲ ಹೋಯಿತಲ್ಲ. ಜೀಷಾನ್ ಬಾಯಿ ತೆರೆದ. ಹಿಂದೆ ಪೆನ್ನು ನಿಂತಿತು. ಪಕ್ಕದಲ್ಲಿ ರವಿಕಿರಣನ ಬೆರಳು ಗುಂಡಿಯ ಕಡೆ ಜರುಗಿತು. ಅದನ್ನು ಜೀಷಾನ್ ಕಣ್ಣಂಚಿನಲ್ಲಿ ಕಂಡ. ಗಾಜಿನಾಚೆ ಆ ಪುಟ್ಟ ವಿಮಾನದ ಎರಡು ದೀಪಗಳು ನೆಟ್ಟಗೆ ಅವನನ್ನೇ ನೋಡುತ್ತಿದ್ದವು. ಅದರೊಳಗಿನ ಯಾರಿಗೂ ಗೊತ್ತಿಲ್ಲ, ಗೊತ್ತಿರುವುದು ತನಗೆ ಮಾತ್ರ. ಹಾಗನ್ನಿಸಿದ ಕ್ಷಣಕ್ಕೆ ತಾನೇ ಗುಂಡಿ ಒತ್ತಿದ.

“ಗೋ ಅರೌಂಡ್!”

ಅದು ಅವನ ದನಿಯೇ? ಯಶವಂತಪುರ ಮಂಡಿಯಲ್ಲಿ ಈರುಳ್ಳಿ ಹರಾಜು ಕೂಗುವವನ ದನಿಯಂತಿತ್ತು. ರವಿಕಿರಣ ಬೆಚ್ಚಿ ಕಾಫಿಯನ್ನು ತನ್ನ ತೊಡೆಯ ಮೇಲೇ ಇಳಿಸಿಕೊಂಡ. ಪೈಲಟ್ ತಿರುಗಿ ಹೇಳಿದ. ಇಳಿಯುತ್ತಿದ್ದ ವಿಮಾನ ಮೂತಿ ಎತ್ತಿ, ಗುಡುಗಿ, ನಿಂತಿದ್ದ ವಿಮಾನದ ಮೇಲಿನಿಂದ ಹಾದು ಆಕಾಶಕ್ಕೆ ಏರಿತು.

ನಿಂತದ್ದನ್ನು ಪಕ್ಕಕ್ಕೆ ಕಳುಹಿಸಿದ. ಹಾಗೆ ಗಕ್ಕನೆ ನಿಂತಾಗ ಟೈರಿನ ಚೂರು ಬಿದ್ದಿರಬಹುದು, ನೋಡಿ ಬರಲು ಜೀಪು ಕಳುಹಿಸಿದ. ಹುಬ್ಬಳ್ಳಿಯ ವಿಮಾನ ಸುತ್ತು ಹಾಕಿ ಮತ್ತೆ ಇಳಿಯಲು ಬಂತು. ಜೀಪಿನವನು ಇನ್ನೇನು ರನ್‌ವೇಯಿಂದ ಹೊರಗೆ ಬರಬೇಕು, ಆಗ ಅಂದ, “ಸಾರ್, ಇನ್ನೊಂದು ಚೂರು ಕಾಣ್ತಾ ಇದೆ, ದೊಡ್ಡದು.”

ಈ ಸಲ ಒಳಗಿನ ಪುಕ್ಕಲನಿಗೆ ಬಾಯಿ ತೆರೆಯಲು ಜೀಷಾನ್ ಬಿಡಲಿಲ್ಲ. “ಗೋ ಅರೌಂಡ್.” ಅದೇ ವಿಮಾನ, ಅದೇ ಗುಡುಗು, ಇನ್ನೊಂದು ಸುತ್ತು.

ಮೂರನೆಯ ಸಲ ರನ್‌ವೇ ತೊಳೆದ ತಟ್ಟೆಯಂತಿತ್ತು. ಇಳಿ ಎಂದ. ಹೂವಿನ ಮೇಲೆ ಹೂವಿಟ್ಟ ಹಾಗೆ ಇಳಿಯಿತು. ಪೈಲಟ್ ನಿಯಮದಲ್ಲಿಲ್ಲದ ಒಂದು ಮಾತು ಸೇರಿಸಿದ, “ಥ್ಯಾಂಕ್ಯೂ ಟವರ್.”

ಪಾಳಿ ಮುಗಿದು ಹೆಡ್‌ಸೆಟ್ ತೆಗೆದಾಗ ವೇದಾ ಮೇಡಂ ಎದುರಿಗೆ ಬಂದು ನಿಂತರು.

“ಹೋದ ಸಲ ವಿಮಾನ ಇಳೀತು, ನೀವು ಫೇಲ್. ಈ ಸಲ ಎರಡು ಸಲ ಇಳೀಲಿಲ್ಲ, ನೀವು ಪಾಸ್. ಅರ್ಥ ಆಯ್ತಾ?”

“ಆಯ್ತು ಮೇಡಂ.”

“ತಿರುಗಿ ಹೇಳಿ.”

“ಪಾಸ್, ಮೇಡಂ.”

ಭಾನುವಾರದ ಬ್ಯಾಂಕು ನಕ್ಕಿತು. ರವಿಕಿರಣ ಒದ್ದೆ ಪ್ಯಾಂಟಿನಲ್ಲೇ ಅವನನ್ನು ಎತ್ತಿ ತಿರುಗಿಸಿದ. “ಮಗಾ, ಎಲ್ಲಿಟ್ಟಿದ್ಯೋ ಆ ವಾಯ್ಸ್‌ನ ಇಷ್ಟು ದಿನ!” ಮರಿಯಮ್ಮ ಕೆಳಗಿನಿಂದ ಬಂದು, “ಬಾಟ್ಲಿ ತಗೊಂಡು ಹೋಗಿ, ನನ್ ಮೇಜಿನ ಮೇಲೆ ಬೇಡ” ಎಂದು ಕೈಕುಲುಕಿದರು.

ಮನೆಗೆ ಫೋನು ಮಾಡಲಿಲ್ಲ. ಎದುರಿಗೇ ಹೇಳಬೇಕು, ತನ್ನ ಬಾಯಿಂದಲೇ. ಬಸ್ಸಿನಲ್ಲಿ “ಕೊಡಿಗೇಹಳ್ಳಿ ಗೇಟ್ ಒಂದು!” ಎಂದು ಟಿಕೆಟ್ ಕೇಳಿದ್ದಕ್ಕೆ ಹಿಂದಿನ ಸೀಟಿನವರೂ ತಿರುಗಿ ನೋಡಿದರು. ಕಂಡಕ್ಟರ್, “ಕೇಳ್ಸತ್ತೆ ಸಾರ್” ಎಂದ. ಗೇಟಿನಲ್ಲಿ ಇಳಿದು ಮನೆಯ ಕಡೆ ನಡೆಯುವಾಗ ಎದುರು ಸಿಕ್ಕವರಿಗೆಲ್ಲ ತಾನೇ ಮೊದಲು “ಏನ್ ಸಮಾಚಾರ?” ಅಂದ. ಇಪ್ಪತ್ತು ವರ್ಷದಿಂದ ಇಸ್ತ್ರಿ ಅಂಗಡಿ ಇಟ್ಟಿದ್ದ ಮುನಿಆಂಜಿನಪ್ಪ ಉತ್ತರ ಕೊಡಲು ಮರೆತು ಯಾರದೋ ಅಂಗಿಯ ತೋಳು ಸುಟ್ಟ.

ಮೆಟ್ಟಿಲ ಕೆಳಗೆ ಚಪ್ಪಲಿಗಳ ಗುಂಪು. ಮೇಲೆ ಬಾಗಿಲು ತೆರೆದಿತ್ತು. ಒಳಗೆ ಸೋಫಾದ ಮೇಲೆ, ಹಣೆಗೆ ಒದ್ದೆ ಬಟ್ಟೆ ಹಾಕಿಕೊಂಡು, ಕೈಕಾಲು ಚಾಚಿ ಮಲಗಿದ್ದವರು ಗುಲಾಮ್ ರಸೂಲ್. ಬ್ಯಾಡಗಿ ಮಾರುಕಟ್ಟೆಗೆ ಹೋಗಿದ್ದವರು, ಯಾವಾಗಲಿನ ಹಾಗೆ ನಾಳೆ ಬೆಳಿಗ್ಗೆ ರೈಲಿನಲ್ಲಿ ಯಶವಂತಪುರಕ್ಕೆ ಬರಬೇಕಿತ್ತು. ಮಲ್ಕಾ ತಲೆಯ ಹತ್ತಿರ ಬೀಸಣಿಗೆ ಹಿಡಿದಿದ್ದರು, ಕೃಷ್ಣಮ್ಮ ಕಾಲು ಒತ್ತುತ್ತಿದ್ದರು, ನರಸಿಂಹಯ್ಯ ಕುರ್ಚಿಯಲ್ಲಿ ನ್ಯಾಯಾಧೀಶರಂತೆ ಕೂತಿದ್ದರು.

“ಚಾಚಾ, ಏನಾಯ್ತು?”

ಗುಲಾಮ್ ರಸೂಲ್ ಒಂದು ಕಣ್ಣು ತೆರೆದರು. “ಬಂದ್ಯಾ ಬೇಟಾ. ಆರ್.ಟಿ. ನಗರದವರ್ಗೂ ಹೋಗೋಕೆ ಆಗ್ಲಿಲ್ಲ, ದಾರೀಲಿ ಇಲ್ಲೇ ಇಳಿದೆ. ಎಲ್ಲಾ ನಿನ್ ಮೇಲಿನ ಪ್ರೀತಿ. ಅಳಿಯ ಪ್ಲೇನ್ ಇಳಿಸೋನು, ನಾನ್ ರೈಲಲ್ಲಿ ಬರೋದಾ ಅಂತ, ಜನ್ಮದಲ್ಲಿ ಮೊದಲ್ನೇ ಸಲ ಹುಬ್ಬಳ್ಳೀಲಿ ಪ್ಲೇನ್ ಹತ್ತಿದೆ.”

ಜೀಷಾನ್‌ನ ಕಾಲ ಕೆಳಗಿನ ಮೊಸಾಯಿಕ್ ನೆಲ ಸ್ವಲ್ಪ ಸರಿಯಿತು.

“ಚೆನ್ನಾಗೇ ಬಂತು. ಕೆಳಗೆ ರೋಡು ಕಾಣ್ತು. ಇನ್ನೇನ್ ಮುಟ್ತು, ಬೆಲ್ಟ್ ಬಿಚ್ಚೋಣ ಅಂತಿದೀನಿ, ಘರ್ರ್ ಅಂತ ಮತ್ತೆ ಮೇಲಕ್ಕೆ! ಕಲ್ಮಾ ಓದ್ದೆ. ಪಕ್ಕದಲ್ಲಿದ್ದ ಹೆಂಗಸಿನ ಕೈ ಹಿಡ್ಕೊಂಡೆ, ಅವಳು ತಳ್ಳಿದ್ಳು. ಸುತ್ತು ಹೊಡ್ದು ಮತ್ತೆ ಬಂತು. ಮತ್ತೆ ಘರ್ರ್! ಪೈಲಟ್ ಹೇಳ್ದ, ಟವರ್‌ನವ್ರು ಬೇಡ ಅಂದ್ರಂತೆ. ಎರಡು ಸಲ! ಒಬ್ಬ ಮನುಷ್ಯನಿಗೆ ಎರಡು ಸಲ ಬೇಡ ಅಂತಾರಾ?”

“ಯಾವನೋ ಹೊಸುಬ್ನೇ ಇರ್ಬೇಕು” ಎಂದರು ನರಸಿಂಹಯ್ಯ. “ನಮ್ ಜೀಸಾನಿದ್ದಿದ್ರೆ ಒಂದೇ ಸಲಕ್ಕೆ ಇಳ್ಸೋನು.”

“ಅದೇ ನಾನ್ ಹೇಳೋದು!” ಗುಲಾಮ್ ರಸೂಲ್ ಎದ್ದು ಕೂತರು. ಒದ್ದೆ ಬಟ್ಟೆ ಮಡಿಲಿಗೆ ಬಿತ್ತು. “ಬೇಟಾ, ನಿನ್ ಪರೀಕ್ಷೆ?”

“ಪಾಸ್, ಚಾಚಾ” ಎಂದ ಜೀಷಾನ್. ಬೆಳಿಗ್ಗೆಯಿಂದ ಕೂಡಿಟ್ಟ ದನಿಯಲ್ಲಿ ಹೇಳಬೇಕೆಂದಿದ್ದ. ಬಂದದ್ದು ಹಳೆಯ ದನಿ.

ಮನೆ ತುಂಬಿ ಹೋಯಿತು. ಮಲ್ಕಾ ಅತ್ತರು. ಕೃಷ್ಣಮ್ಮ “ನೋಡ್ದಾ, ಎರ್ಡೇ ಮುಚ್ಚಳ!” ಎಂದು ಎಲ್ಲರಿಗೂ ಎರಡು ಬೆರಳು ತೋರಿಸಿದರು. ಗುಲಾಮ್ ರಸೂಲ್ ಅವನನ್ನು ಮೆಣಸಿನಕಾಯಿ ಘಾಟಿನ ತೋಳುಗಳಲ್ಲಿ ಅಪ್ಪಿ, ಎರಡೂ ಕೆನ್ನೆಗೆ ಮುತ್ತಿಟ್ಟು, ಹಾಗೇ ಹಿಡಿದುಕೊಂಡು ನಿಂತರು.

“ತಾರೀಖು ಈಗ್ಲೇ ಹೇಳ್ತಿದ್ದೆ ಬೇಟಾ. ಆದ್ರೆ ಮೇಲಿದ್ದಾಗ, ಎರಡ್ನೇ ಘರ್ರ್‌ಗೆ, ಒಂದು ಕಸಮ್ ತಿಂದ್ಬಿಟ್ಟೆ. ಜೀವಂತ ಇಳಿದ್ರೆ, ಇದನ್ನ ಮಾಡ್ದೋನು ಆ ಕುರ್ಚೀಲಿರೋವರ್ಗೂ ನಮ್ಮನೇಲಿ ಶಾದಿ ಇಲ್ಲ ಅಂತ. ಖುದಾಗೆ ಕೊಟ್ಟ ಮಾತು. ಚಿಂತೆ ಯಾಕೆ? ನೀನು ಒಳಗಿನೋನೇ. ಹುಡುಕು ಅವನನ್ನ. ಅವನ ಕೆಲಸ ಹೋದ ದಿನ ನಿನ್ ನಿಕಾಹ್.”

ಕೆಲಸ ಸಿಕ್ಕಿದ ದಿನ ಮದುವೆ ಎಂದಿದ್ದವರು, ಈಗ ಕೆಲಸ ಹೋದ ದಿನ ಮದುವೆ ಎನ್ನುತ್ತಿದ್ದರು. ಕೆಲಸವಿಲ್ಲದವನಿಗೆ ಅವರು ಮಗಳನ್ನು ಕೊಡುವುದಿಲ್ಲ ಎಂಬುದು ಗಂಗಾನಗರದಿಂದ ಯಲಹಂಕದವರೆಗೆ ಎಲ್ಲರಿಗೂ ಗೊತ್ತಿತ್ತು.

“ಇಡ್ಕೊಂಡ್ ಬತ್ತಾನೆ ಬುಡಿ” ಎಂದು ನರಸಿಂಹಯ್ಯ ಭರವಸೆ ಕೊಟ್ಟರು. “ಎಮ್ಮೆಲ್ಲೆ ಅತ್ರ ನಾನೇ ಮಾತಾಡ್ತೀನಿ.”

ಜೇಬಿನಲ್ಲಿ ಫೋನು ಮಿಡುಕಿತು. ನೂರೀನ್. ‘ಅಬ್ಬಾ ಫೋನಲ್ಲಿ ಹೇಳಿದ ಹೊತ್ತು, ನಿನ್ ಪರೀಕ್ಷೆ ಹೊತ್ತು ಎರಡೂ ಒಂದೇ. ಅವ್ರನ್ನ ಎರಡು ಸುತ್ತು ಹೊಡ್ಸಿದ್ದು ಯಾರು ಅಂತ ನಂಗೆ ಗೊತ್ತಾಯ್ತು. ಶಹಬ್ಬಾಸ್. ಬಾಯಿ ಬಿಟ್ಟೀಯ ಜೋಕೆ.’

ಮಲ್ಕಾ ಚಹಾ ತಂದರು. ಗುಲಾಮ್ ರಸೂಲ್ ಸೋಫಾದಲ್ಲಿ ಸರಿದು ಜೀಷಾನ್‌ಗೆ ಜಾಗ ಮಾಡಿ, ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಸೊರಸೊರ ಕುಡಿದರು. ಮುಖಕ್ಕೆ ಬಣ್ಣ ಮರಳಿತ್ತು. ಮೂರನೆಯ ಲೋಟ ಕೇಳಿದರು, ಬಿಸ್ಕತ್ತು ಅದ್ದಿದರು, ಘರ್ರ್ ಅನ್ನುವುದನ್ನು ಕೆಳಗಿನಿಂದ ಹೊಸದಾಗಿ ಬಂದವರಿಗೆ ಕೈ ಎತ್ತಿ ಮತ್ತೆ ತೋರಿಸಿದರು. ಎಲ್ಲೂ ಒಂದು ಗೀರು ಬಿದ್ದಿರಲಿಲ್ಲ ಆ ಮನುಷ್ಯನಿಗೆ. ಅದನ್ನೇ ನೋಡುತ್ತ ಕೂತ ಜೀಷಾನ್‌ನ ಎದೆ, ಯಾರಿಗೂ ಕಾಣದ ಹಾಗೆ, ಮದುಮಗನ ಕುದುರೆಯಂತೆ ಕುಣಿಯುತ್ತಿತ್ತು.

“ಸಿಕ್ತಾನಾ ಬೇಟಾ?” ಗುಲಾಮ್ ರಸೂಲ್ ಕೇಳಿದರು.

“ಹುಡುಕ್ತೀನಿ ಚಾಚಾ” ಎಂದ ಜೀಷಾನ್.

ಹುಡುಕಬೇಕಾದ ಮನುಷ್ಯ ತಾನೇ ಎಂದು ಅವನು ಹೇಳಲಿಲ್ಲ. ಅಂದು ಸಂಜೆಯೂ ಹೇಳಲಿಲ್ಲ, ಆಮೇಲೆ ಎಂದೂ ಹೇಳಲಿಲ್ಲ.